ಅಡಿಟಿಪ್ಪಣಿಯಲ್ಲಿದ್ದ ಲೇಖಕ

"ಅಂಥ ಪುಸ್ತಕವೇ ಇಲ್ಲ ಮೇಡಂ," ಎಂದರು ಗ್ರಂಥಪಾಲಕರು, ಕನ್ನಡಕವನ್ನು ಹಣೆಗೇರಿಸುತ್ತ. "ಆ ಹೆಸರಿನ ಲೇಖಕರೂ ಇಲ್ಲ. ಬೇರೆ ಲೈಬ್ರರಿಗಳಿಗೂ ಫೋನ್ ಮಾಡಿ ಕೇಳಿದೆ. ಯಾರೋ ನಿಮ್ಮ ಕಿವಿಗೆ ಹೂ ಇಟ್ಟಿದ್ದಾರೆ."

ಉಪನ್ಯಾಸಕಿಗೆ ಒಳಗೊಳಗೇ ಸಮಾಧಾನವಾಯಿತು. ಆ ವಿದ್ಯಾರ್ಥಿನಿಯ ಮೇಲಿದ್ದ ಅನುಮಾನ ಸುಳ್ಳಾಗಲಿಲ್ಲ.

ಕೊನೆಯ ಬೆಂಚಿನ ಹುಡುಗಿ ಅವಳು. ಹಾಜರಿ ಕರೆದರೆ ಕೈ ಎತ್ತುವವಳೇ ಹೊರತು ದನಿ ಎತ್ತಿದವಳಲ್ಲ. ಅಂಥವಳ ಹೋದ ಸಲದ ಪ್ರಬಂಧ ಯಾರೋ ಪಳಗಿದವರು ಬರೆದಂತಿತ್ತು. ಎಲ್ಲಿಂದ ತೆಗೆದದ್ದು ಎಂಬ ಸುಳಿವೇ ಇಲ್ಲ. ಉಪನ್ಯಾಸಕಿ ದೊಡ್ಡದೊಂದು ಸೊನ್ನೆ ಸುತ್ತಿ, "ಬರೆದವರ ಹೆಸರು ಹಾಕೋದು ಕಲಿ" ಎಂದು ಎಲ್ಲರೆದುರೇ ಗದರಿಸಿದ್ದರು. ಹುಡುಗಿ ಏನೋ ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡಿದ್ದಳು.

ಈ ಸಲದ ವಿಷಯ ಬಾಡಿಗೆ ಮನೆ. ಒಳ್ಳೆಯ ವಾಕ್ಯ ಬಂದಲ್ಲೆಲ್ಲ ಅದರ ತುದಿಗೊಂದು ಪುಟ್ಟ ಅಂಕಿ. ಹಾಳೆಯ ಅಡಿಯಲ್ಲಿ ಲೇಖಕನ ಹೆಸರು, ಪುಸ್ತಕ, ಪುಟಸಂಖ್ಯೆ. ಎಲ್ಲ ಕಡೆಯೂ ಒಬ್ಬನೇ ಲೇಖಕ. 'ಬಾಡಿಗೆಯವನು ಹೋಗುವಾಗ ಮೊಳೆ ಕಿತ್ತು ತೂತಿಗೆ ಸೋಪು ಮೆತ್ತುತ್ತಾನೆ. ಗೋಡೆ ಅವನನ್ನು ಮರೆಯಲು ಅಷ್ಟು ಸಾಕು.' ಈ ಸಾಲು ಓದಿದ ಮೇಲೆಯೇ ಉಪನ್ಯಾಸಕಿ ಆ ಪುಸ್ತಕದ ಬೆನ್ನು ಹತ್ತಿದ್ದು.

ಎರಡನೇ ಸಲ ಸಿಕ್ಕಿಬಿದ್ದವರನ್ನು ಪರೀಕ್ಷೆಗೆ ಕೂರಿಸುವುದಿಲ್ಲ. ಕಾಲೇಜಿನ ನಿಯಮ.

ಹುಡುಗಿ ಸ್ಟಾಫ್ ರೂಮಿಗೆ ಬಂದಾಗ ಬೇರೆ ಯಾರೂ ಇರಲಿಲ್ಲ.

"ಹೇಳಿದ ಹೊತ್ತಿಗೆ ಬರೋಕಾಗಲ್ವಾ?"

"ಮನೆ ಖಾಲಿ ಮಾಡ್ತಿದ್ವಿ ಮೇಡಂ."

"ಅದಕ್ಕೆ ಇಷ್ಟು ಹೊತ್ತಾ?"

ಹುಡುಗಿಯ ಉಗುರಿನ ಸಂದಿಯಲ್ಲಿ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು. ಕೈ ತೊಳೆದುಕೊಂಡು ಬರುವ ಶಿಸ್ತೂ ಇಲ್ಲ ಎಂದುಕೊಂಡರು ಉಪನ್ಯಾಸಕಿ.

"ಈ ಲೇಖಕರು ನಿಂಗೆ ಗೊತ್ತಾ?"

"ಗೊತ್ತು."

"ಹಾಗಾದ್ರೆ ಕರ್ಕೊಂಡ್ ಬಾ, ನಾನೂ ಮಾತಾಡಿಸ್ತೀನಿ."

"ಅವರು ಜಾಸ್ತಿ ಮಾತಾಡಲ್ಲ ಮೇಡಂ."

ಮನೆಯಲ್ಲೇ ಯಾರೋ ಇದ್ದಾರೆ. ಚಿಕ್ಕಪ್ಪನೋ, ಅಕ್ಕನೋ. ಬರೆದುಕೊಟ್ಟು, ಇಲ್ಲದ ಹೆಸರಿನ ಹಿಂದೆ ಅಡಗಿ ಕೂತಿದ್ದಾರೆ. ಉಪನ್ಯಾಸಕಿ ಬಿಳಿ ಹಾಳೆಯೊಂದನ್ನು ಮೇಜಿನ ಮೇಲೆ ಸರಿಸಿದರು.

"ಕೂತ್ಕೋ. ಈ ರೂಮಿನ ಬಗ್ಗೆ ಬರಿ, ನನ್ನ ಕಣ್ಣೆದುರಿಗೇ. ಆಗಲ್ಲ ಅಂದ್ರೆ ಈಗಲೇ ಪ್ರಿನ್ಸಿಪಾಲ್ ಹತ್ರ ಹೋಗೋಣ. ಈ ವರ್ಷದ ಪರೀಕ್ಷೆ ಮರೆತುಬಿಡು."

ಹುಡುಗಿ ಕೂತಳು. ಬಾಗಿಲನ್ನೊಮ್ಮೆ, ಕುರ್ಚಿಗಳನ್ನೊಮ್ಮೆ ನೋಡಿದಳು. ಪೆನ್ನು ಎಲ್ಲಿಯೂ ತಡವರಿಸಲಿಲ್ಲ.

'ಇಲ್ಲಿನ ಕುರ್ಚಿಗಳೆಲ್ಲ ಬಾಗಿಲಿಗೇ ಮುಖ ಮಾಡಿವೆ. ಬರುವವರು ಹೊಸ್ತಿಲು ದಾಟುವ ಮೊದಲೇ ತಪ್ಪಿತಸ್ಥರಾಗಿರುತ್ತಾರೆ.'

ಅದೇ ಪಳಗಿದ ಕೈ. ಉಪನ್ಯಾಸಕಿ ಅದನ್ನು ಎರಡು ಸಲ ಓದಿದರು.

ಹುಡುಗಿ ಇನ್ನೂ ಪೆನ್ನು ಕೆಳಗಿಟ್ಟಿರಲಿಲ್ಲ. ವಾಕ್ಯದ ತುದಿಗೊಂದು ಪುಟ್ಟ ಅಂಕಿ ಹಾಕಿದಳು. ಹಾಳೆಯ ಅಡಿಯಲ್ಲಿ ಗೆರೆ ಎಳೆದಳು. ಅದೇ ಲೇಖಕ, ಅದೇ ಪುಸ್ತಕ, ಹೊಸದೊಂದು ಪುಟಸಂಖ್ಯೆ.

"ಇದಕ್ಯಾಕೆ ಅವರ ಹೆಸರು? ಇದನ್ನ ಬರೆದಿದ್ದು ನೀನಲ್ವಾ!"

"ಹೌದು ಮೇಡಂ. ಹೋದ ಸಲ ಎಲ್ಲ ನನ್ನದೇ ಅಂತ ಯಾರ ಹೆಸರೂ ಹಾಕದೆ ಬಿಟ್ಟಿದ್ದಕ್ಕೆ ಸೊನ್ನೆ ಕೊಟ್ರಲ್ಲ."