ಬಾಲ್ಕನಿಯ ನಗೆಕೂಟ

2009ರ ಆಗಸ್ಟ್‌ನಲ್ಲಿ ರಾಷ್ಟ್ರ ರಾಜಧಾನಿಯ ಸರ್ಕಾರಿ ಬಡಾವಣೆ ಕಿದ್ವಾಯಿ ನಗರದಲ್ಲಿ ಒಂದೊಂದೇ ನಿಲ್ಲುತ್ತಾ ಬಂತು: ಮೊದಲು ಶಾಲೆಯ ಪ್ರಾರ್ಥನೆ, ಆಮೇಲೆ ಕಚೇರಿಯಲ್ಲಿ ಕೈ ಕುಲುಕುವುದು, ಕೊನೆಗೆ ಪಾರ್ಕಿನ ಲಾಫ್ಟರ್ ಕ್ಲಬ್. ಹಂದಿಜ್ವರ ಬಾಯಿಯಿಂದ ಸಿಡಿಯುವ ಹನಿಗಳಲ್ಲಿ ಹರಡುತ್ತದೆ. ವೃತ್ತಾಕಾರವಾಗಿ ನಿಂತು, ಕೈಯೆತ್ತಿ, ಬಾಯಿ ಅಗಲಿಸಿ ನಗುವುದಕ್ಕಿಂತ ಅಪಾಯದ ವ್ಯಾಯಾಮ ಆ ಬಡಾವಣೆಯಲ್ಲಿ ಇನ್ನೊಂದಿರಲಿಲ್ಲ.

"ಹಸ್‌ನಾ ಬಂದ್ ನಹೀ, ಭಾಯಿ," ಎಂದು ಕ್ಲಬ್ಬಿನ ಹಿರಿಯ ಅರೋರಾಜಿ ಮಾಸ್ಕಿನೊಳಗಿಂದ ಸಾರಿದರು. "ಸಾಥ್ ಹಸ್‌ನಾ ಬಂದ್. ಸಬ್ ಅಪ್ನೀ ಅಪ್ನೀ ಬಾಲ್ಕನಿ ಮೇ!"

ಒಟ್ಟಿಗೆ ನಗುವುದಷ್ಟೇ ಬಂದ್, ಇನ್ನು ಅವರವರ ಬಾಲ್ಕನಿಯಲ್ಲೇ ನಗಬೇಕು ಎಂಬ ಆ ಮಾತಿನಂತೆ ಸೆಕ್ಷನ್ ಆಫೀಸರ್ ಇಂದುಶೇಖರ, ರಕ್ತದೊತ್ತಡಕ್ಕೆಂದು ರೂಢಿಸಿಕೊಂಡಿದ್ದ ನಗೆಯನ್ನು ತನ್ನ ಕ್ವಾರ್ಟರ್ಸಿನ ಬಾಲ್ಕನಿಗೆ ತಂದ. ಗುಂಪಿನಲ್ಲಿ ಸಲೀಸಾಗಿದ್ದದ್ದು ಒಬ್ಬನೇ ನಿಂತಾಗ ಕಷ್ಟವಾಯಿತು. ಪಾರ್ಕಿನಲ್ಲಿ ಪಕ್ಕದವನ ಹೊಟ್ಟೆ ಕುಣಿಯುವುದನ್ನು ನೋಡಿದರೆ ಸಾಕು, ನಗು ತಾನಾಗಿ ಬರುತ್ತಿತ್ತು. ಇಲ್ಲಿ ಕಣ್ಣೆದುರಿಗಿದ್ದದ್ದು ಒಣಹಾಕಿದ ಬನಿಯನ್ನುಗಳು. ಆದರೂ ಪ್ರತಿ ಬೆಳಗ್ಗೆ ಕ್ರಮ ತಪ್ಪದೆ ಕೈಯೆತ್ತಿ ನಕ್ಕ.

ಭಾನುವಾರ ಎದುರು ಬ್ಲಾಕಿನ ದೇವೇಂದ್ರಪ್ಪನಿಗೆ ಜ್ವರ ಏರಿ, ಆಸ್ಪತ್ರೆಯ ಪ್ರತ್ಯೇಕ ವಾರ್ಡಿಗೆ ಸೇರಿಸಬೇಕಾಯಿತು. ಅವನು ಇಂದುಶೇಖರನ ಸೆಕ್ಷನ್ನಿನಲ್ಲೇ ಗುಮಾಸ್ತ. ಮದುವೆಯಾಗಿ ಏಪ್ರಿಲ್‌ನಲ್ಲಷ್ಟೇ ಹೆಂಡತಿಯನ್ನು ಚಿತ್ರದುರ್ಗದಿಂದ ಕರೆತಂದಿದ್ದ. ಆ ಹುಡುಗಿ ವಿಮಲಾಗೆ ಹಿಂದಿ ಬಾರದು. ಆದ್ದರಿಂದ ಆಸ್ಪತ್ರೆಗೆ ಇಂದುಶೇಖರನ ಮೊಬೈಲ್ ನಂಬರ್ ಕೊಟ್ಟಿದ್ದರು. ಸೋಂಕು ತಗುಲಿರಬಹುದೆಂದು ವಿಮಲಾ ಮನೆಯಿಂದ ಹೊರಬರುವಂತಿರಲಿಲ್ಲ.

ಸೋಮವಾರ ಇಂದುಶೇಖರ ಅಭ್ಯಾಸಬಲದಿಂದ ನಕ್ಕ. ಮಂಗಳವಾರವೂ ನಕ್ಕ. ಅಂದು ಹೆಂಡತಿ ಗಿರಿಜಮ್ಮ ಸೌಟು ಹಿಡಿದೇ ಅಡುಗೆಮನೆಯಿಂದ ಬಂದಳು.

"ರೀ, ನಿಮಗೆ ಬುದ್ಧಿ ಇದೆಯಾ? ಎದುರುಮನೆ ಹುಡುಗಿ ಗಂಡನ್ನ ಆಸ್ಪತ್ರೆಗೆ ಕಳಿಸಿ ಒಬ್ಬಳೇ ಕೂತಿದಾಳೆ. ನೀವಿಲ್ಲಿ ಬಯಲಾಟದ ರಾಕ್ಷಸನ ಹಾಗೆ ಅಬ್ಬರಿಸ್ತಿದೀರಿ!"

"ಇದು ನಗು ಅಲ್ಲ ಕಣೇ, ವ್ಯಾಯಾಮ."

"ಹಾಗಂತ ಕುತ್ತಿಗೆಗೆ ಬೋರ್ಡ್ ನೇತುಹಾಕ್ಕೊಂಡು ನಗ್ತೀರಾ?"

ಬುಧವಾರ ಬಾಲ್ಕನಿಯ ಬಾಗಿಲು ತೆರೆಯದೆ, ಒಳಗೇ ಕೂತು ಪೇಪರ್ ಓದಿದ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಕೆಳಗಿನಿಂದ ಕೂಗು ಕೇಳಿಸಿತು. ಗಂಡಹೆಂಡತಿ ಇಬ್ಬರೂ ಓಡಿಬಂದು ಬಗ್ಗಿ ನೋಡಿದರು. ಎರಡು ಬ್ಲಾಕುಗಳ ನಡುವಿನ ಹುಲ್ಲಿನಲ್ಲಿ ವಿಮಲಾ ಬರಿಗಾಲಲ್ಲಿ ನಿಂತಿದ್ದಳು. ಮಾಸ್ಕ್ ಒಂದು ಕಿವಿಯಲ್ಲಿ ಮಾತ್ರ ತೂಗುತ್ತಿತ್ತು.

"ಅಣ್ಣಾ, ಫೋನ್ ಬಂತಾ? ನಿಜ ಹೇಳಿಬಿಡಿ!"

"ಇಲ್ಲಮ್ಮ, ಯಾವ ಫೋನೂ ಬಂದಿಲ್ಲ."

"ಮತ್ತೆ ನೀವ್ಯಾಕೆ ನಗ್ಲಿಲ್ಲ?"

ಇಂದುಶೇಖರ ಹೆಂಡತಿಯ ಮುಖ ನೋಡಿದ. ಗಿರಿಜಮ್ಮ ಬನಿಯನ್ನುಗಳನ್ನು ನೋಡಿದಳು.

"ನಿಮ್ಮ ನಗು ಕೇಳಿದ್ರೆ, ಸದ್ಯ, ಕೆಟ್ಟ ಸುದ್ದಿ ಇಲ್ಲ ಅಂದ್ಕೊಂಡು ಒಲೆ ಹಚ್ತಿದ್ದೆ," ಎಂದಳು ವಿಮಲಾ. "ಇವತ್ತು ಕಾದೆ, ಕಾದೆ..."

ಗುರುವಾರ, ಹಾಲಿನವನು ಬರುವ ಮುನ್ನವೇ ಫೋನ್ ಬಂತು. ವಾರ್ಡಿನ ನರ್ಸ್ ಹಿಂದಿಯಲ್ಲಿ ಹೇಳಿದ್ದನ್ನೆಲ್ಲ ಇಂದುಶೇಖರ ಮರಳಿ ಹೇಳಿ ಖಚಿತಪಡಿಸಿಕೊಂಡ: ಆಕ್ಸಿಜನ್ ಹಾಕಿದ್ದಾರೆ. ಜ್ವರ ಇಳಿದಿದೆ. ಮಾತಾಡುತ್ತಿದ್ದಾನೆ. ಉಳಿದದ್ದನ್ನು ಡಾಕ್ಟರು ಬಂದು ನೋಡಿ ಹೇಳುತ್ತಾರೆ.

ಇದು ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ಅವನಿಗೆ ತಿಳಿಯಲಿಲ್ಲ. ನಕ್ಕರೆ ಆಕ್ಸಿಜನ್ನನ್ನು ಬಚ್ಚಿಟ್ಟಂತೆ. ನಗದಿದ್ದರೆ, ಮಾತಾಡುತ್ತಿರುವವನನ್ನು ಕೊಂದಂತೆ. ಎದುರು ಬಾಲ್ಕನಿಯಲ್ಲಿ ವಿಮಲಾ ಆಗಲೇ ಬಂದು ನಿಂತಿದ್ದಳು.

"ಏನ್ ಮಾಡ್ಲಿ, ಗಿರಿಜಾ?"

"ನಗಿ," ಎಂದಳು ಗಿರಿಜಮ್ಮ. "ಮೊದಲು ಅವಳು ಒಂದು ತುತ್ತು ತಿನ್ನಲಿ. ಆಮೇಲೆ ನಾನೇ ಆ ಹುಲ್ಲಲ್ಲಿ ನಿಂತು ಎಲ್ಲಾ ಹೇಳ್ತೀನಿ."

ಇಂದುಶೇಖರ ಬಾಲ್ಕನಿಗೆ ಹೋಗಿ ಕೈಯೆತ್ತಿದ. ಮೊದಲ 'ಹಾ' ಆಕಳಿಕೆಯಂತೆ ಹೊರಟಿತು. ಎರಡನೆಯದು ಕೆಮ್ಮಾಯಿತು. ಆಗ, ಒಂದು ದಿನವೂ ಲಾಫ್ಟರ್ ಕ್ಲಬ್ಬಿನ ಕಡೆ ತಲೆ ಹಾಕದಿದ್ದ ಗಿರಿಜಮ್ಮ ಪಕ್ಕಕ್ಕೆ ಬಂದು, ಸೆರಗು ಸಿಕ್ಕಿಸಿ, ಎರಡೂ ಕೈ ಮೇಲೆತ್ತಿ "ಹಾ" ಎಂದಳು. ಅವಳನ್ನು ನೋಡುತ್ತಿದ್ದಂತೆ ಅವನಿಗೂ ಬಂತು. ಇಬ್ಬರೂ ಉಸಿರು ತೀರುವವರೆಗೆ ನಕ್ಕರು. ವಿಮಲಾ ಒಳಗೆ ಹೋದಳು.

ಆ ನಗು ನಿಜವೋ ಸುಳ್ಳೋ ತೀರ್ಮಾನವಾಗಲಿಲ್ಲ. ಖಚಿತವಾದದ್ದು ಒಂದೇ: ಅದು ಮುಗಿದ ಮೇಲೆ ಎದುರುಮನೆಯ ಕುಕ್ಕರ್ ಕೂಗಿತು.