ಡ್ರಮ್ಮಿನ ಮೀನು, ಶ್ರಾವಣದ ಸೊಪ್ಪು

ಗುಜರಿಗೆ ಹೋಗಬೇಕಿದ್ದ ನೀಲಿ ಡ್ರಮ್ಮು, ಕೆಟ್ಟ ಕೂಲರಿನ ಪಂಪು, ಹಳೇ ಸಿಂಕಿನ ಪೈಪು, ಇಷ್ಟನ್ನೇ ಕಟ್ಟಿಕೊಂಡು ತಾರಸಿಯ ಮೇಲೆ ಸೊಪ್ಪಿನ ತೋಟ ಮಾಡಿದೆ. ಡ್ರಮ್ಮಿನಲ್ಲಿ ಮೀನು ಬಿಟ್ಟೆ. ಮೀನಿನ ಗಲೀಜು ನೀರೇ ಸೊಪ್ಪಿಗೆ ಗೊಬ್ಬರ. ಸೊಪ್ಪಿನ ಬೇರಲ್ಲಿ ಸೋಸಿದ ನೀರು ಮತ್ತೆ ಡ್ರಮ್ಮಿಗೆ. ಬೀದಿಯವರೆಲ್ಲ ನಕ್ಕರೂ ಹರಿವೆ ಮಾತ್ರ ಸೊಂಪಾಗಿ ಬಂತು.

ಮೊದಲ ಕೊಯ್ಲಿನ ಪಲ್ಯವನ್ನು ಅತ್ತೆಗೇ ಬಡಿಸಿದೆ. ಉಳಿದ ದಿನ ಮೀನಿಲ್ಲದೆ ತುತ್ತು ಎತ್ತದ ಅತ್ತೆ, ಶ್ರಾವಣದಲ್ಲಿ ಅದರ ಹೆಸರೂ ಎತ್ತುವುದಿಲ್ಲ.

ಅವರು ತಟ್ಟೆ ತಳ್ಳಿದರು. "ಶ್ರಾವಣದಲ್ಲಿ ಮೀನು ಬಡಿಸ್ತೀಯೇನೇ?"

"ಅತ್ತೆ, ಇದು ಹರಿವೆ ಸೊಪ್ಪು!"

"ಮೀನಿನ ನೀರು ಕುಡಿದು ಬೆಳೆದದ್ದು ತಾನೇ? ಏನು ತಿಂದು ಬೆಳೆಯುತ್ತೋ ಅದೇ ಅದರ ಮೈ. ಇದು ಮೀನೇ."

ನನ್ನ ಗಂಡ ತಲೆ ಎತ್ತದೆ ಮಜ್ಜಿಗೆ ಅನ್ನ ಕಲಸುತ್ತಾ ಕೂತರು. ನನಗೆ ಮೈಯೆಲ್ಲ ಉರಿಯಿತು.

"ಹಾಗಾದ್ರೆ ಆ ಮೀನು ಏನು, ಅದನ್ನೂ ಹೇಳಿ. ಅದು ತಿನ್ನೋದು ನಿಮ್ಮ ದೇವರ ನೈವೇದ್ಯದ ಅನ್ನ. ಕಸಕ್ಕೆ ಹಾಕಬಾರದು, ನೀರಿಗೇ ಬಿಡಬೇಕು ಅಂತ ದಿನಾ ನೀವೇ ಡ್ರಮ್ಮಿಗೆ ಸುರಿಯೋದು!"

ಗೆದ್ದೆ ಅಂದುಕೊಂಡು ಪಲ್ಯವನ್ನು ಮತ್ತೆ ಅವರ ಮುಂದೆ ಸರಿಸಿದೆ.

ಅದನ್ನು ಅವರು ನೋಡಲೂ ಇಲ್ಲ. ತಾರಸಿಯ ಕಡೆ ತಿರುಗಿ ಭಕ್ತಿಯಿಂದ ಕೈಮುಗಿದರು.

"ದೊಡ್ಡದನ್ನೇ ಹಿಡಿದು ತಂದು ಸಾರು ಮಾಡು. ಪ್ರಸಾದ ಬೇಡ ಅನ್ನಬಾರದು."