ನಡುವಿನ ಕುರ್ಚಿ

ಕ್ಯಾಮೆರಾಗಳು ಎದುರಿಗಿದ್ದುದನ್ನು ಬಿಟ್ಟು, ಅದೇ ಜಾಗದ ಮುಂದಿನ ವಾರವನ್ನು ಹಿಡಿಯತೊಡಗಿ ಆರು ವರ್ಷವಾಗಿತ್ತು. ಮದುವೆ ಮನೆಯವರು ಒಂದು ವಾರ ಮುಂಚೆಯೇ ಖಾಲಿ ಛತ್ರಕ್ಕೆ ಹೋಗಿ ಫೋಟೋ ತೆಗೆಸುತ್ತಿದ್ದರು. ಚಿತ್ರದುರ್ಗದ ಛಾಯಾಗ್ರಾಹಕರ ಸಂಘದಲ್ಲಿ ಮಾತ್ರ ಹಳೆಯ ನಿಯಮ ಹಾಗೇ ಇತ್ತು: ವಿಮರ್ಶೆ ಮುಗಿಯುವವರೆಗೆ ಚಿತ್ರ ತೆಗೆದವರು ಬಾಯಿ ಬಿಡುವಂತಿಲ್ಲ.

ಹೊಸದಾಗಿ ಸೇರಿದ್ದ ವನಜಾಕ್ಷಿಯ ಚಿತ್ರ ಗೋಡೆಯ ಮೇಲೆ ಮೂಡಿತು. ಅದನ್ನು ಈಗಷ್ಟೇ, ಇದೇ ಕೋಣೆಯಲ್ಲಿ ತೆಗೆದಿದ್ದಳು.

"ಬೆಳಕು ಚೆನ್ನಾಗಿ ಹಿಡಿದಿದ್ದೀಯ," ಎಂದರು ಕಲಿಸುವ ತಿಪ್ಪೇರುದ್ರಪ್ಪ ಮೇಷ್ಟ್ರು, ಹಳೆಯ ಕ್ಯಾಮೆರಾಗಳ ಕಾಲದ ಅಭ್ಯಾಸದಲ್ಲೇ. "ಆದ್ರೆ ನಡುವೆ ಖಾಲಿ ಕುರ್ಚಿ ಯಾಕಮ್ಮ? ಎಲ್ರೂ ಎದ್ದು ನಿಂತು ಅದನ್ನೇ ನೋಡ್ತಿದ್ದಾರೆ. ಅಲ್ಲಿ ನೋಡೋಕೆ ಏನೂ ಇಲ್ಲ. ಯಾರನ್ನಾದ್ರೂ ಕೂರಿಸಿ ತೆಗೀಬೇಕಿತ್ತು."

ಉಳಿದವರು ತಲೆ ತಗ್ಗಿಸಿದರು. ವನಜಾಕ್ಷಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ನನ್ನದು ಮುಗೀತು. ಈಗ ನೀನು ಹೇಳು."

"ಕೂರಿಸಿಯೇ ತೆಗೆದದ್ದು, ಸಾರ್," ಎಂದಳು ಮೆಲ್ಲಗೆ. "ನೀವು ಈಗ್ಲೂ ಅಲ್ಲೇ ಕೂತಿದ್ದೀರಿ."

ಮೇಷ್ಟ್ರು ತಮ್ಮ ಕುರ್ಚಿಯ ಕೈಯನ್ನು ಒಮ್ಮೆ ಸವರಿದರು. ಕನ್ನಡಕ ಒರೆಸಿಕೊಂಡು, ಗೋಡೆಯ ಮೇಲಿನ ಆ ಮುಖಗಳನ್ನು ಒಂದೊಂದಾಗಿ ನೋಡಿದರು.

"ಹಾಗಾದ್ರೆ ನಾನು ಹೇಳಿದ್ದೇ ತಪ್ಪು," ಎಂದರು. "ಕುರ್ಚಿ ಇರಬೇಕಾದ ಜಾಗದಲ್ಲೇ ಇದೆ. ಏನೂ ತಿದ್ದಬೇಡ."